ಹೊಂಗೆ ಎಣ್ಣೆ: ದೀಪಕ್ಕೆ ಸರಿ, ಒಲೆಗೆ ಸಲ್ಲದು

ಸೀಮೆಎಣ್ಣೆ ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಯ ಮನೆಗಳನ್ನು ಬೆಳಗಿದ್ದು ಗಿಡಮರಗಳ ಎಣ್ಣೆಯೇ. ಹರಳು, ಹೊಂಗೆ, ಹಿಪ್ಪೆ ಬೀಜಗಳನ್ನು ಗಾಣಕ್ಕೆ ಹಾಕಿಸಿ ದೀಪದೆಣ್ಣೆ ಮಾಡಿಕೊಳ್ಳುತ್ತಿದ್ದರು. ಈಗ ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಬಹುಮಟ್ಟಿಗೆ ನಿಂತಿದೆ. ಗ್ಯಾಸ್ ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವುದು ಬಡ ಸಂಸಾರಕ್ಕೆ ಹೊರೆ. ಆದುದರಿಂದ, ಬದುವಿನ ಮೇಲಿನ ಹೊಂಗೆಯ ಎಣ್ಣೆಯಿಂದಲೇ ಒಲೆ ಏಕೆ ಉರಿಸಬಾರದೆಂಬ ಪ್ರಶ್ನೆ ಏಳುವುದು ಸಹಜ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಂಥ ಒಣ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಹೊಂಗೆ ಎಣ್ಣೆ ದೀಪಕ್ಕೆ ಒಳ್ಳೆಯದು, ದಿನದ ಅಡಿಗೆಗೆ ಲಾಭದಾಯಕವಲ್ಲ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳಿವೆ.

ಮೊದಲನೆಯದು ಎಣ್ಣೆಯ ಗುಣ. ಹೊಂಗೆ ಎಣ್ಣೆ ಸೀಮೆಎಣ್ಣೆಗಿಂತ ಹತ್ತು ಪಟ್ಟಿಗೂ ಮಿಕ್ಕಿ ಮಂದ. ಬತ್ತಿ ಸ್ಟವ್‌ಗೆ ಸುರಿದರೆ ಬತ್ತಿಯ ತುದಿಯವರೆಗೆ ಸಾಕಷ್ಟು ಏರುವುದಿಲ್ಲ. ಬತ್ತಿ ಕರಿಕಟ್ಟಿ, ಹೊಗೆಯಾಡಿ, ಆರುತ್ತದೆ. ಪಂಪ್ ಸ್ಟವ್‌ನಲ್ಲಾದರೆ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಸಸ್ಯದೆಣ್ಣೆಗೆಂದೇ ಒಲೆ ಮಾಡಲಾಗದೆಂದಲ್ಲ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾನಿಲಯ ರೂಪಿಸಿದ ಒತ್ತಡದ ಒಲೆಯೊಂದನ್ನು 2000ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಕೊಬ್ಬರಿ ಎಣ್ಣೆ ಬಳಸಿ ಪರೀಕ್ಷಿಸಲಾಯಿತು. ಅದನ್ನೂ ಮೊದಲು ಸ್ಪಿರಿಟ್ ಉರಿಸಿ ಕಾಯಿಸಬೇಕು, ಕಟ್ಟಿದ ಕರಿಯನ್ನು ಆಗಾಗ ತೆಗೆಯಬೇಕು.

ಎರಡನೆಯದು ಲೆಕ್ಕಾಚಾರ. 14.2 ಕಿಲೋ ಗ್ಯಾಸ್ ಕೊಡುವಷ್ಟು ಶಾಖಕ್ಕೆ ಸುಮಾರು 17 ಕಿಲೋ ಹೊಂಗೆ ಎಣ್ಣೆ ಬೇಕು. ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ಎಣ್ಣೆಯಂತೆ ಹಿಡಿದರೆ ಒಂದು ಸಿಲಿಂಡರಿಗೆ ಬದಲಾಗಿ ಸುಮಾರು 70 ಕಿಲೋ ಬೀಜ ಅರೆಯಬೇಕು. ವರ್ಷಕ್ಕೆ ಎಂಟು ಸಿಲಿಂಡರು ಬಳಸುವ ಮನೆಗೆ 560 ಕಿಲೋ ಬೀಜವಾಯಿತು. ಮರಕ್ಕೆ 25 ಕಿಲೋ ಬೀಜ ಸಿಕ್ಕಿತೆಂದುಕೊಂಡರೂ ಒಂದು ಅಡಿಗೆಮನೆಗೆ 22 ಬಲಿತ ಮರಗಳು ಬೇಕು. ಅಷ್ಟು ಮರ ಎಷ್ಟು ರೈತರ ಬದುವಿನಲ್ಲಿದೆ? ಕಾಯಿ ಆಯುವ, ಸುಲಿಯುವ ಕೂಲಿ ಬೇರೆ.

ದೀಪದ ಮಾತೇ ಬೇರೆ. ಒಂದು ಬತ್ತಿಯ ಹಣತೆಗೆ ಗಂಟೆಗೆ ಐದರಿಂದ ಹತ್ತು ಗ್ರಾಂ ಎಣ್ಣೆ ಸಾಕು. ಕಿಲೋ ಎಣ್ಣೆ ನೂರು ಗಂಟೆಗೂ ಮೇಲೆ ಉರಿಯುತ್ತದೆ. ಸೀಮೆಎಣ್ಣೆಯ ಆವಿಗೆ 40 ಡಿಗ್ರಿ ಸೆಂಟಿಗ್ರೇಡ್ ಆಸುಪಾಸಿನಲ್ಲೇ ಕಿಡಿ ತಗುಲಬಹುದು. ಹೊಂಗೆ ಎಣ್ಣೆ 200 ಡಿಗ್ರಿ ದಾಟಬೇಕು. ಆದುದರಿಂದ ದೀಪ ಉರುಳಿದರೂ ಅಪಾಯ ಕಡಿಮೆ. ಕರೆಂಟು ಹೋದ ರಾತ್ರಿಗೆ ಇದು ತಕ್ಕ ಆಸರೆ. ಎಣ್ಣೆಯನ್ನು ಕೆಲವು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಬಳಸಬೇಕು. ಆಳದ ಬುಡ್ಡಿಗಿಂತ ಅಗಲವಾದ ಹಣತೆ, ಗಿಡ್ಡನೆಯ ಹತ್ತಿಬತ್ತಿ ಉತ್ತಮ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಎಣ್ಣೆ ತೆಳ್ಳಗಾಗಲೆಂದು ಪೆಟ್ರೋಲ್ ಬೆರೆಸುವುದು ಪ್ರಾಣಕ್ಕೇ ಅಪಾಯ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಮುಚ್ಚಳ ಮುಚ್ಚಿ ಆರಿಸಬೇಕು. ಹೊಂಗೆ ಎಣ್ಣೆ ತಿನ್ನಲು ಯೋಗ್ಯವಲ್ಲ. ಅಡಿಗೆ ಎಣ್ಣೆಯ ಪಕ್ಕದಲ್ಲಿ ಇಡಬೇಡಿ. ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಮಾತು: ಚಾಕಿ ಹುಳುಗಳಿಗೆ 27–28 ಡಿಗ್ರಿ ಶಾಖ ಬೇಕೆಂದು ಚಳಿಗಾಲದಲ್ಲಿ ಸಾಕಣೆ ಮನೆಯೊಳಗೆ ಎಣ್ಣೆ ಉರಿಸಬೇಡಿ. ಹೊಗೆಯನ್ನು ಹುಳು ತಾಳದು. ಒಂದು ರಾತ್ರಿಯ ಉಳಿತಾಯಕ್ಕೆ ಇಡೀ ಬೆಳೆ ಹೋದೀತು.

ಹಾಗಾದರೆ ಒಲೆಗೇನು? ಮೂರ್ನಾಲ್ಕು ದನಗಳಿದ್ದು ದಿನಕ್ಕೆ 50 ಕಿಲೋ ಸಗಣಿ ದೊರೆತರೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ನಾಲ್ಕೈದು ಜನರ ಅಡಿಗೆಗೆ ಸಾಕು. ದನವಿಲ್ಲದವರಿಗೆ ಹಿಪ್ಪುನೇರಳೆ ಕಡ್ಡಿಯಿದೆ. ಸೊಪ್ಪು ತಿಂದುಳಿದ ಕಡ್ಡಿಯನ್ನು ಚೆನ್ನಾಗಿ ಒಣಗಿಸಿ, ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಬಳಕೆಗೆ ತಂದ ಅಸ್ತ್ರ ಒಲೆಯಂಥ ಹೊಗೆಕೊಳವೆಯ ಒಲೆಯಲ್ಲಿ ಉರಿಸಿದರೆ ಸೌದೆಯೂ ಉಳಿಯುತ್ತದೆ, ಹೆಂಗಸರ ಕಣ್ಣೂ ಉಳಿಯುತ್ತದೆ.

ಹೊಂಗೆಯ ನಿಜವಾದ ಲಾಭ ಹಿಂಡಿಯಲ್ಲಿದೆ. ಮೇಲೆ ಹೇಳಿದ 70 ಕಿಲೋ ಬೀಜದಿಂದ ಎಣ್ಣೆ ತೆಗೆದ ಮೇಲೆ ಸುಮಾರು 50 ಕಿಲೋ ಹಿಂಡಿ ಉಳಿಯುತ್ತದೆ. ಅದರಲ್ಲಿ ಶೇಕಡಾ 4ರಷ್ಟು, ಅಂದರೆ ಎರಡು ಕಿಲೋ ಸಾರಜನಕವಿರುತ್ತದೆ. ಹಿಪ್ಪುನೇರಳೆ ತೋಟಕ್ಕೆ ಇದು ಒಳ್ಳೆಯ ಗೊಬ್ಬರ. ಬೇರುಗಂಟು ಜಂತುಹುಳುವಿನ ಹಾವಳಿಯನ್ನೂ ತಗ್ಗಿಸುತ್ತದೆ. ಬೀಜವನ್ನು ಹಾಗೆಯೇ ವ್ಯಾಪಾರಿಗೆ ಅಳೆದುಕೊಡುವ ರೈತ ಎಣ್ಣೆಯೊಂದಿಗೆ ಗೊಬ್ಬರವನ್ನೂ ಕಳೆದುಕೊಳ್ಳುತ್ತಾನೆ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಅಲ್ಲಿ ಬೀಜಕ್ಕೂ ಎಣ್ಣೆಗೂ ದೊರೆತ ಗಮನ ನಮ್ಮ ಒಣ ಸೀಮೆಗೂ ಬರಬೇಕು. ಸಾದಲಿಯಂಥ ಹೋಬಳಿ ಕೇಂದ್ರದಲ್ಲಿ ಹಾಲಿನ ಸಂಘದ ಮಾದರಿಯಲ್ಲಿ ರೈತರು ಕೂಡಿ ಒಂದು ಗಾಣ ಹಾಕಿಕೊಳ್ಳುವುದು ಲೇಸು. ಬೀಜವನ್ನು ತೂಕ ಮಾಡಿ ಪಡೆದು, ಹಿಂಡಿಯನ್ನು ತಂದವರಿಗೇ ಹಿಂತಿರುಗಿಸಿ, ದೀಪಕ್ಕೆ ಬೇಕಾದಷ್ಟು ಎಣ್ಣೆ ಕೊಟ್ಟು, ಉಳಿದದ್ದನ್ನು ಒಟ್ಟಾಗಿ ಮಾರಿದರೆ ಬೆಲೆಯೂ ಸಿಗುತ್ತದೆ. ಅಲ್ಲಿಯವರೆಗೆ ಕಾಯನ್ನು ಕೆರೆಯಂಗಳದಲ್ಲಿ ಕೊಳೆಯಲು ಬಿಡದೆ ಆಯ್ದಿಡಿ. ಬದುವಿನ ಖಾಲಿ ಜಾಗದಲ್ಲಿ ಈ ಮುಂಗಾರಿಗೆ ನಾಲ್ಕು ಹೊಂಗೆ ಸಸಿ ನೆಡಿ.