ಕುರ್ಚಿಗೊಂದು ಕೌದಿ

ನಮ್ಮ ಬಳಗದ ಕಚೇರಿಯ ಆರು ಕುರ್ಚಿಗಳನ್ನು ಗುಜರಿಗೆ ಹಾಕಿ ಹೊಸವನ್ನು ಕೊಳ್ಳಬೇಕೆಂಬ ಸಲಹೆ ಮುಂದಿನ ಸಭೆಗೆ ಬರಲಿದೆ. ನಾನು ಅದನ್ನು ವಿರೋಧಿಸುತ್ತೇನೆ. ಅಣೆಕಟ್ಟು, ಗಣಿಗಳ ಕುರಿತು ಬರೆಯಬೇಕಾದ ಪುಟದಲ್ಲಿ ಕುರ್ಚಿಯ ಮಾತೇಕೆಂದು ಕೆಲವರು ಹುಬ್ಬೇರಿಸಿಯಾರು. ಆದರೆ ಆ ಕುರ್ಚಿಗಳಲ್ಲಿ ಕೆಟ್ಟಿರುವುದಾದರೂ ಏನು? ಉಕ್ಕಿನ ಚೌಕಟ್ಟು ಗಟ್ಟಿಯಾಗಿದೆ, ಗಾಲಿಗಳು ಉರುಳುತ್ತವೆ. ಹರಿದಿರುವುದು ಮೇಲಿನ ರೆಕ್ಸಿನ್ ಮಾತ್ರ.

ರೆಕ್ಸಿನ್ ಎಂದು ನಾವು ಕರೆಯುವುದು ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪಿಸಿದ ಹಾಳೆ. ಅದನ್ನು ಮೆದುವಾಗಿಡುವ ರಾಸಾಯನಿಕ ಕ್ರಮೇಣ ಹೊರಟುಹೋಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಬೆಳಕು ಬಿದ್ದೊಡನೆ ಒಳಗಿನ ಪಾಲಿಯುರಿಥೇನ್ ಸ್ಪಂಜು ಹಳದಿಯಾಗಿ, ಮುಂದೆ ಪುಡಿಯಾಗತೊಡಗುತ್ತದೆ. ಆದ್ದರಿಂದ ಹೊದಿಕೆ ಬೇಕಾಗಿರುವುದು ಅಂದಕ್ಕಲ್ಲ, ಸ್ಪಂಜು ಉಳಿಯಲೆಂದು. ಗುಜರಿಯವರು ಕಬ್ಬಿಣ ಬಿಡಿಸಿಕೊಂಡು ಇವೆರಡನ್ನೂ ಬಿಟ್ಟುಹೋಗುತ್ತಾರೆ; ಅವು ಹಳ್ಳದ ದಂಡೆ ಸೇರಿ, ಒಂದು ದಿನ ಯಾರೋ ಬೆಂಕಿ ಹಚ್ಚುತ್ತಾರೆ. ಸುಡುವ ಸ್ಪಂಜಿನಿಂದ ಹೈಡ್ರೊಜನ್ ಸಯನೈಡ್, ಪಿ.ವಿ.ಸಿ.ಯಿಂದ ಹೈಡ್ರೊಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳು ಹೊಮ್ಮುತ್ತವೆ. ನಮ್ಮ ನೀರಿನ ಮೂಲದ ಬಳಿ ಆ ಹೊಗೆ ಏಳಬೇಕೆ? ಬೆತ್ತದ ಕುರ್ಚಿಯ ಕಾಲದಲ್ಲಿ ಹರಿದ ಬೆತ್ತವನ್ನು ಮತ್ತೆ ಹೆಣೆಸುತ್ತಿದ್ದರು. (ಬೆತ್ತಕ್ಕಾಗಿ ಕಾಡು ಬರಿದಾದದ್ದು ಬೇರೆಯೇ ಕಥೆ.)

ಈ ವಿಷಯದಲ್ಲಿ ಬಯಲುಸೀಮೆಯವರು ನಮಗಿಂತ ಬಲ್ಲವರು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಕಡೆಯ ಮಸೂತಿಯಂತಹ ಊರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಅಂತಹ ನೆಲದಲ್ಲಿ ರೆಕ್ಸಿನ್ ಬೆವರಿದ ಬೆನ್ನಿಗೆ ಅಂಟಿಕೊಳ್ಳುವ ಶಿಕ್ಷೆ. ಅಲ್ಲಿನ ಮನೆಗಳು ಬಲ್ಲದ್ದು ಕೌದಿಯನ್ನು: ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ ಹೊದಿಕೆ. ಒಗೆಯಬಹುದು, ಹರಿದಲ್ಲಿ ಮತ್ತೊಂದು ತುಂಡು ಹಚ್ಚಬಹುದು. ಇತ್ತ ನಮ್ಮ ಘಟ್ಟದಲ್ಲೂ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಅವರ ಹೊಲಿಗೆಯನ್ನು ವಿದೇಶದ ಕಲಾ ವಿದ್ವಾಂಸರೂ ಬಂದು ಅಭ್ಯಸಿಸಿದ್ದಾರೆ. ನಾವು ಮಾತ್ರ ಕ್ಯಾಟಲಾಗು ತಿರುವುತ್ತಿದ್ದೇವೆ!

ಕುರ್ಚಿಯ ಗವಸು ಕೌದಿಗಿಂತ ಸುಲಭ. ಹಳೆಯ ಪತ್ರಿಕೆಯನ್ನು ಆಸನದ ಮೇಲೆ ಹರಡಿ ಅಂಚಿನ ಗುರುತು ತೆಗೆಯಬೇಕು. ಸುತ್ತಲೂ ಸ್ಪಂಜಿನ ದಪ್ಪದಷ್ಟು, ಅದರಾಚೆ ಇನ್ನೂ ಮೂರು ಅಂಗುಲ ಬಟ್ಟೆ ಬಿಡಬೇಕು. ಹೊಸ ಹತ್ತಿಬಟ್ಟೆಯಾದರೆ ಕತ್ತರಿಸುವ ಮುನ್ನ ಒಗೆದು ಒಣಗಿಸತಕ್ಕದ್ದು. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ ಗವಸು ಏರುವುದಿಲ್ಲ. ಅಂಚನ್ನು ಮಡಿಚಿ ಹೊಲಿದು, ಪಾಯಿಜಾಮದಂತೆ ಲಾಡಿ ತೂರಿಸಿ, ಆಸನದ ಅಡಿಯಲ್ಲಿ ಬಿಗಿದು ಕಟ್ಟಿದರಾಯಿತು. ಕುರ್ಚಿಯ ಕೈಗಳು ಅಡ್ಡ ಬರುವಲ್ಲಿ ಬಟ್ಟೆ ಸೀಳಿ ಅಂಚು ಹೊಲಿಯಬೇಕು. ಎತ್ತರ ಹೊಂದಿಸುವ ಹಿಡಿಕೆಗೆ ಲಾಡಿ ಸಿಕ್ಕಬಾರದು. ಬೆನ್ನಿಗೆ ತಲೆದಿಂಬಿನ ಚೀಲದಂತಹುದು ಸಾಕು. ಬಿಚ್ಚಲು ಬರುವುದೇ ಇದರ ಹೆಚ್ಚುಗಾರಿಕೆ: ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಒಗೆದು ಒಲೆಯ ಬಳಿ ಒಣಗಿಸಬಹುದು. ಮೊಳೆ ಹೊಡೆದು ಕೂರಿಸಿದ ರೆಕ್ಸಿನ್ನಿಗೆ ಆ ಭಾಗ್ಯವಿಲ್ಲ.

ಕಾಲು ಮುರಿದ ಕುರ್ಚಿಯನ್ನು ಗವಸು ಉಳಿಸದು. ಅದನ್ನು ಧಾರಾಳವಾಗಿ ಕೊಟ್ಟುಬಿಡಿ.

ಇನ್ನೊಂದು ಮಾತು ಹೇಳಲೇಬೇಕು. ಕೌದಿಯನ್ನು ಹೊಗಳುವವರು ಅದರ ಹೊಲಿಗೆಗೆ ಬಿದ್ದ ದಿನಗಳನ್ನು ಲೆಕ್ಕ ಹಾಕುವುದಿಲ್ಲ. ಮನೆಯ ಹೆಣ್ಣುಮಕ್ಕಳ ದುಡಿಮೆ ಪುಕ್ಕಟೆಯೆಂದೇ ಭಾವಿಸಿದ್ದೇವೆ. ನಮ್ಮ ಗವಸುಗಳನ್ನು ಬಳಗದ ಸದಸ್ಯೆಯರು ‘ಸೇವೆ’ಯೆಂದು ಹೊಲಿಯುವುದು ಬೇಡ. ಹೊಸ ಕುರ್ಚಿಗೆಂದು ತೆಗೆದಿಟ್ಟ ಹಣದಲ್ಲಿ ಊರಿನ ಹೊಲಿಗೆಯವರಿಗೆ ಪೂರ್ಣ ಕೂಲಿ ಕೊಡೋಣ. ಕಾಲೇಜಿನ ವಿದ್ಯಾರ್ಥಿಗಳು, ಗಂಡುಹುಡುಗರೂ ಸೇರಿ, ಪಕ್ಕದಲ್ಲಿ ಕುಳಿತು ಸೂಜಿ ಹಿಡಿಯಲು ಕಲಿಯಲಿ. ಆರರ ಪೈಕಿ ತೀರ ಜೀರ್ಣವಾಗಿರುವುದು ಕಿಟಕಿಯ ಬಳಿಯದು. ಮೊದಲ ಗವಸು ಅದಕ್ಕೇ ಆಗಲಿ. ಪದರಕ್ಕೆಂದು ನನ್ನ ಎರಡು ಹಳೆಯ ಧೋತರಗಳನ್ನು ಒಗೆದು ಇಟ್ಟಿದ್ದೇನೆ, ಸಭೆಯ ದಿನ ತರುತ್ತೇನೆ.