ಸ್ವಂತದ ಬೀಜ

ತನಗೆ ತಿಳಿಯದ ವಿಷಯದಲ್ಲಿ ಪಂಡಿತನು ಬಾಯಿ ಹಾಕಿದರೆ ಏನಾಗುವುದೆಂಬುದಕ್ಕೆ ಈ ವಾರ ನಾನೇ ಉದಾಹರಣೆ. ಸಿಂಧನೂರಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನಿಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಿದರೆ ಅದು ನ್ಯಾಯವೇ ಸರಿ.

ನಮ್ಮ ಮನೆಗೆ ವರ್ಷದ ಅಕ್ಕಿ ಕೊಡುವ ರೈತರೊಬ್ಬರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಅವರದು ನಾಲ್ಕು ಎಕರೆ ಗದ್ದೆ. ಹೋದ ವರ್ಷ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ನಿಧಾನವಾಗಿ ಬೆಳೆಯುವ ಬಗೆಯದು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂದು ಅದರ ಹೆಸರು. ವೈದ್ಯರು ದಿನವೂ ತಪ್ಪದೆ ನುಂಗಬೇಕೆಂದು ಮಾತ್ರೆ ಕೊಟ್ಟು ಕಳುಹಿಸಿದರು. ಇಷ್ಟು ದೊಡ್ಡ ರೋಗಕ್ಕೆ ಇಷ್ಟೇ ಮದ್ದೇ ಎಂಬ ಸಂಶಯ ಅವರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿತು. ಹಳೆಯ ಪುಸ್ತಕವೊಂದನ್ನು ತಿರುವಿ, ರೋಗಿಯ ಅಸ್ಥಿಮಜ್ಜೆಯನ್ನೇ ತೆಗೆದು ಶೈತ್ಯದಲ್ಲಿ ಕಾಪಿಟ್ಟು, ಉಗ್ರ ಔಷಧಗಳಿಂದ ದೇಹದಲ್ಲಿ ಉಳಿದ ರೋಗವನ್ನು ನಾಶಮಾಡಿ, ಬಳಿಕ ಅದೇ ಮಜ್ಜೆಯನ್ನು ರಕ್ತನಾಳದ ಮೂಲಕ ಮರಳಿ ಸೇರಿಸುವ ಕ್ರಮವನ್ನು ಅವರಿಗೆ ವರ್ಣಿಸಿದೆ. ಪರರ ದಾನ ಬೇಡ, ದೇಹಕ್ಕೆ ಒಗ್ಗದೆಂಬ ಭಯವಿಲ್ಲ, ನಮ್ಮದು ನಮಗೇ! ಅವರು ಕೈಮುಗಿದು ಕೇಳಿದರು.

ಕೆಲವು ದಿನಗಳ ಮೇಲೆ ಪರಿಚಿತ ವೈದ್ಯರೊಬ್ಬರು ನನ್ನ ಅರೆಜ್ಞಾನವನ್ನು ತಿದ್ದಿದರು. ತಿದ್ದುಪಡಿಯನ್ನು ರೈತರಿಗೆ ಮುಟ್ಟಿಸುವುದನ್ನು ಮಾತ್ರ ಇಂದು ನಾಳೆಯೆಂದು ಮುಂದೂಡಿದೆ. ಹೇಳಿದ್ದು ತಪ್ಪೆಂದು ಒಪ್ಪಿಕೊಳ್ಳುವುದು ಮೇಷ್ಟರಿಗೆ ಅಷ್ಟು ಸುಲಭವೇ?

ಮೊನ್ನೆ ಲಿಂಗಸುಗೂರಿನಿಂದ ಮರಳುವ ಬಸ್ಸಿನಲ್ಲಿ ಅವರೇ ನನ್ನ ಪಕ್ಕದಲ್ಲಿ ಕುಳಿತರು. ಅಲ್ಲಿಯ ಬೀಗರ ಮುಖಾಂತರ ಎರಡು ಎಕರೆ ಮಾರುವ ಮಾತುಕತೆ ಮುಗಿಸಿ ಬಂದಿದ್ದರು.

“ಹೆಂಗೂ ಎಲುಬಿನ ನೆಣ ಹಾಕಿಸೋದು ಐತಲ್ರಿ ಸರ್, ಗುಳಿಗಿ ಯಾಕಂತ ಹದಿನೈದು ದಿನದಿಂದ ಬಿಟ್ಟೀನ್ರಿ” ಎಂದರು.

ನನ್ನ ಎದೆ ಧಸಕ್ಕೆಂದಿತು. ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಈ ಊರಿನ ಬಂಡೆಯ ಮೇಲೆ ಅವನ ಹೆಸರು ದೊರೆತಾಗ. ಆ ಕಥೆ ಅವರಿಗೂ ಗೊತ್ತಿತ್ತು. ಅದನ್ನೇ ಹಿಡಿದು ಆರಂಭಿಸಿದೆ. ಅವರ ರೋಗದ ಗುರುತೂ ಹಾಗೆಯೇ ಒಂದು ದಿನ ಸಿಕ್ಕಿತು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬವರು ರೋಗಿಗಳ ರಕ್ತಕಣಗಳಲ್ಲಿ ಮೊಟಕಾದ ವರ್ಣತಂತುವೊಂದನ್ನು ಕಂಡರು. 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಆ ಅದಲುಬದಲಿನಿಂದ ಹುಟ್ಟುವ ಕಿಣ್ವವೊಂದು ಬಿಳಿಯ ರಕ್ತಕಣಗಳನ್ನು ಮಿತಿಯಿಲ್ಲದೆ ಬೆಳೆಸುತ್ತದೆ. 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಮಾತ್ರೆ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅದು ಒಗ್ಗಿದವರು ಇತರರಂತೆಯೇ ಬಹುಕಾಲ ಬಾಳುತ್ತಾರೆ. ದಿನ ತಪ್ಪಿಸಬಾರದು, ಆಗಾಗ ರಕ್ತಪರೀಕ್ಷೆ ಬಿಡಬಾರದು, ಅಷ್ಟೆ.

“ಹಂಗಾರ ನೆಣದ ಮಾತು?”

“ಅದನ್ನು ಮಾಡಿ ನೋಡಿದ್ದು ನಿಜ. ಆದರೆ ತೆಗೆದಿಟ್ಟ ಮಜ್ಜೆಯಲ್ಲೂ ರೋಗದ ಕಣಗಳು ಅಡಗಿರುತ್ತಿದ್ದವು. ಹಾಗೆ ಮರಳಿಸಿದ ಕಣಗಳಿಗೆ ಗುರುತು ಹಾಕಿ ನೋಡಿದಾಗ, ಮರುಕಳಿಸಿದ ರೋಗದಲ್ಲಿ ಅದೇ ಗುರುತು ಕಾಣಿಸಿತೆಂದು 1994ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು.”

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. “ಬೆಂಕಿರೋಗ ಬಿದ್ದ ಗದ್ದಿ ನೆಲ್ಲು ಬೀಜಕ್ಕ ಇಡ್ತಾರೇನ್ರಿ ಸರ್? ಇದನ್ನ ಮೊದಲೇ ಹೇಳಬಾರದಾಗಿತ್ತೇನ್ರಿ?”

ನಾನು ಪುಟಗಟ್ಟಲೆ ಓದಿ ತಿಳಿದದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಮಲ್ಟಿಪಲ್ ಮೈಲೋಮದಂತಹ ಬೇರೆ ಕೆಲವು ರೋಗಗಳಲ್ಲಿ ಸ್ವಂತ ಮಜ್ಜೆಯ ಕಣಗಳ ಕಸಿ ಇಂದಿಗೂ ಉಪಯುಕ್ತ. ಇವರ ರೋಗದಲ್ಲಿ ಮಾತ್ರೆಗಳು ಸೋತರೆ ಇನ್ನೊಬ್ಬರ ಮಜ್ಜೆಯ ಕಸಿ ಮಾಡುವುದುಂಟು. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಷ್ಟು ಹಿಂದೆಯೇ ಅಸ್ಥಿಮಜ್ಜೆಯ ಕಸಿ ನಡೆದಿದೆ. ಆದರೆ ಅದು ಅಪಾಯವಿಲ್ಲದ ದಾರಿಯಲ್ಲ. ಮೊದಲ ದಾರಿಯೂ ಅಲ್ಲ.

ಮಾತ್ರೆಯ ಬೆಲೆಯ ಕಥೆಯನ್ನೂ ಹೇಳಿದೆ. ಮೂಲ ಕಂಪೆನಿಯ ಮಾತ್ರೆಗೆ ಒಮ್ಮೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಬೀಳುತ್ತಿತ್ತು. ನಮ್ಮ ದೇಶದ ಕಂಪೆನಿಗಳು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆಗೆ ಕೊಡುತ್ತಿದ್ದವು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಮೂಲ ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಅಗ್ಗದ ಮಾತ್ರೆ ಉಳಿಯಿತು.

ಸಿಂಧನೂರಿನಲ್ಲಿ ಇಳಿದೊಡನೆ ಅವರ ವೈದ್ಯರಿಗೆ ಫೋನು ಮಾಡಿದೆವು. ಮಾತ್ರೆಯನ್ನು ಆ ರಾತ್ರಿಯಿಂದಲೇ ಮತ್ತೆ ಆರಂಭಿಸಿ, ರಕ್ತಪರೀಕ್ಷೆಗೆ ಬರಬೇಕೆಂದು ಅಪ್ಪಣೆಯಾಯಿತು. ಬಿಟ್ಟ ಹದಿನೈದು ದಿನಗಳು ಏನು ಮಾಡಿವೆಯೆಂಬುದನ್ನು ಆ ಪರೀಕ್ಷೆಯೇ ಹೇಳಬೇಕು. ಎರಡು ಎಕರೆಯಂತೂ ಉಳಿಯಿತು. ಫಲಿತಾಂಶ ಇನ್ನೂ ಬಂದಿಲ್ಲ. ವರ್ಷವರ್ಷವೂ ಹುಡುಗರ ಫಲಿತಾಂಶವನ್ನು ನಿರಾತಂಕವಾಗಿ ಕಾಯುವ ನಾನು ಈ ಸಲ ರಾತ್ರಿ ನಿದ್ದೆಗೆಟ್ಟು ಕಾಯುತ್ತಿದ್ದೇನೆ.