ಗುಂಡಿಯನ್ನೊತ್ತುವ ಮುನ್ನ

ಬ್ರಿಟನ್ನಿನಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು ಬೇಕಾಗಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಈಗ ಅಲ್ಲಿಯ ಹವ್ಯಾಸಿಗಳಿಗೆ ನೀರನ್ನು ಕಾಯಿಸಿ, ಮಾಲ್ಟನ್ನು ಅದರಲ್ಲಿ ನೆನೆಯಿಟ್ಟು, ಬಸಿದ ರಸವನ್ನು ಕುದಿಸುವವರೆಗಿನ ಕೆಲಸವನ್ನೆಲ್ಲ ಒಂದೇ ವಿದ್ಯುತ್ ಪಾತ್ರೆ ಮಾಡಿಕೊಡುತ್ತದೆ. ಮಾಲ್ಟೆಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದರ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವಗಳಿಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. 80 ಡಿಗ್ರಿಯಲ್ಲಿ ಅವು ಬೇಗನೆ ನಿಷ್ಕ್ರಿಯವಾಗುತ್ತವೆ. ಈ ಉಷ್ಣತೆಯನ್ನು ಯಂತ್ರವೇ ಕಾಯ್ದುಕೊಳ್ಳುವುದರಿಂದ, ಕಲಿಯಬೇಕಾದುದೇನೂ ಉಳಿದಿಲ್ಲವೆಂದು ತೋರಬಹುದು. ನಾವು ಇದನ್ನು ಒಪ್ಪುವುದಿಲ್ಲ.

ಗುಂಡಿಯನ್ನೊತ್ತುವ ಮುನ್ನ ಒಂದು ಲೆಕ್ಕ ಮಾಡಬೇಕು. 25 ಲೀಟರ್ ನೀರನ್ನು 20ರಿಂದ 65 ಡಿಗ್ರಿಗೆ ಏರಿಸಲು ಸುಮಾರು 47 ಲಕ್ಷ ಜೂಲ್ ಶಾಖ ಬೇಕು. 2000 ವ್ಯಾಟಿನ ಪಾತ್ರೆಗೆ ಇದು ಸುಮಾರು 40 ನಿಮಿಷಗಳ ಕೆಲಸ. ಗಡಿಯಾರ ಹೆಚ್ಚು ತೋರಿಸಿದರೆ, ಉಳಿದ ಶಾಖ ಪಾತ್ರೆಗೂ ಗಾಳಿಗೂ ಹೋಗಿದೆಯೆಂದು ತಿಳಿಯಬೇಕು.

ಕೆಲಸಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು 1840ರ ದಶಕದಲ್ಲಿ ಅಳೆದು ತೋರಿಸಿದ ಜೇಮ್ಸ್ ಜೂಲ್ ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕರ ಮನೆತನದವನು. ಅವನ ಬಲವೆಲ್ಲ ಸೂಕ್ಷ್ಮವಾದ ಉಷ್ಣಮಾಪಕ ಮತ್ತು ತಾಳ್ಮೆ. ನಮ್ಮ ವಿದ್ಯಾರ್ಥಿಗಳು ಬಿಯರ್ ತಯಾರಿಸಬೇಕಾಗಿಲ್ಲ. ಮನೆಯ ವಿದ್ಯುತ್ ಕೆಟಲಿನಲ್ಲಿಯೇ ಈ ಲೆಕ್ಕವನ್ನು ಪರೀಕ್ಷಿಸಿ ನೋಡಲಿ.